ಶೇಕಡಾ ಅರವತ್ತು, ನೂರು ಮೈಕ್ರಾನ್, ಕೈಯಲ್ಲೊಂದು ಟೇಪು

ಬೋರ್ಡ್ ಮಾಡುವವರ ಸಂಘ ಸಮ್ಮೇಳನ ಮಾಡಿದರೆ ವೇದಿಕೆ ಬೇಕು, ವೇದಿಕೆಗೊಂದು ಬ್ಯಾಕ್‌ಡ್ರಾಪ್ ಬೇಕು, ಬ್ಯಾಕ್‌ಡ್ರಾಪಿನಲ್ಲಿ ಒಂದಾದರೂ ಕಾಗುಣಿತ ತಪ್ಪಿರಬೇಕು. ಊರ ತುಂಬ ನಾಮಫಲಕ ಬರೆದವರೆಲ್ಲ ಒಂದೇ ಸೂರಿನಡಿ ಕೂತಿರುತ್ತಾರೆ. ಅವರ ಕಣ್ಣೆದುರಿಗೇ 20 ಅಡಿ ಅಗಲಕ್ಕೆ ‘ಉಧ್ಘಾಟನೆ’ ಎಂದು ಹೊಳೆಯುತ್ತಿರುತ್ತದೆ. ಇದು ಅಜ್ಞಾನವಲ್ಲ, ವೇಳಾಪಟ್ಟಿ. ಅತಿಥಿಗಳ ಪಟ್ಟಿ ಅಂತಿಮವಾಗುವುದು ಹಿಂದಿನ ರಾತ್ರಿ 11ಕ್ಕೆ. ಆಮೇಲೆ ಪ್ರೂಫ್ ನೋಡುವವನೂ ಪ್ರಿಂಟರ್ ಓಡಿಸುವವನೂ ಒಬ್ಬನೇ, ಅವನಿಗೂ ನಿದ್ದೆ. ಬೆಳಿಗ್ಗೆ ಮಾನ್ಯ ಸಚಿವರ ಹೆಸರೇ ಬಿಟ್ಟುಹೋಗಿದೆ ಎಂದು ಗೊತ್ತಾಗುತ್ತದೆ. ತಕ್ಷಣ ಬೇರೆ ಮಶೀನಿನಲ್ಲಿ ವಿನೈಲ್ ಪ್ಯಾಚ್ ಹೊಡೆದು ಅಂಟಿಸುತ್ತಾರೆ. ಎರಡು ಮಶೀನಿನ ಕೆಂಪು ಎಂದಿಗೂ ಒಂದೇ ಬಣ್ಣಕ್ಕೆ ಬರುವುದಿಲ್ಲ. ಹಾಗಾಗಿ ಸಚಿವರು ಕುಂಕುಮದ ನಡುವೆ ಟೊಮೆಟೊ ಹಣ್ಣಿನಂತೆ ಎದ್ದು ಕಾಣುತ್ತಾರೆ. ಅವರಿಗೆ ಸಂತೋಷವೇ.

ಆಹ್ವಾನ ಪತ್ರಿಕೆಯಲ್ಲಿ ‘ನಿಯಮಗಳ ಕುರಿತು ಇತ್ತೀಚಿನ ಮಾಹಿತಿ’ ಎಂಬ ಗೋಷ್ಠಿ ಇರುತ್ತದೆ. ಎಲ್ಲರೂ ಬಂದಿರುವುದು ಅದಕ್ಕೇ, ಆದ್ದರಿಂದಲೇ ಅದು ಊಟದ ನಂತರ. ದೀಪ, ನಾಡಗೀತೆ, ಹಾರ, ಶಾಲು, ಪ್ರಾಯೋಜಕರ ಪ್ರಿಂಟರ್ ಕುರಿತ ವಿಡಿಯೊ, ಎಲ್ಲ ಮುಗಿದು ಊಟವೂ ಮುಗಿದು ಮೂರೂವರೆಗೆ ಅಧಿಕಾರಿಗಳು ಮೈಕ್ ಹಿಡಿಯುತ್ತಾರೆ. ಅವರ ಮೊದಲ ವಾಕ್ಯ: “ನನಗೆ ಸಮಯ ಕಡಿಮೆ ಇದೆ.” ಎರಡನೆಯದು: “ಕಾನೂನು ನಿಮಗೆಲ್ಲ ಗೊತ್ತೇ ಇದೆ.”

ಗೊತ್ತಿರುವುದು ಇಷ್ಟು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯನ್ನು 2024ರಲ್ಲಿ ತಿದ್ದಿದರು. ಅಂಗಡಿ, ಹೋಟೆಲು, ಆಸ್ಪತ್ರೆ, ಕಾರ್ಖಾನೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. ಬಂದ ಕ್ರಮವೂ ಚಂದವೇ. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡುಗಳು ಪುಡಿಯಾದವು. ಮರುದಿನವೇ ಸುಗ್ರೀವಾಜ್ಞೆಯ ಮಾತು ಬಂತು, ಜೊತೆಗೆ ಫೆಬ್ರವರಿ 28ರ ಗಡುವೂ ಬಂತು. ಸುಗ್ರೀವಾಜ್ಞೆ ರಾಜಭವನಕ್ಕೆ ಹೋಗಿ ಸಹಿಯಿಲ್ಲದೆ ಮರಳಿತು, ಫೆಬ್ರವರಿಯಲ್ಲಿ ಮಸೂದೆಯಾಗಿ ಸದನ ದಾಟಿತು. ಅಂದರೆ ಗಡುವು ಮೊದಲು ಹುಟ್ಟಿ, ಕಾನೂನು ಆಮೇಲೆ ತೊಟ್ಟಿಲಿಗೆ ಬಂತು. ಆ ಎರಡು ತಿಂಗಳು ಬೋರ್ಡ್ ಅಂಗಡಿಗಳ ಫೋನು ಒಂದು ಕ್ಷಣ ಸುಮ್ಮನಿರಲಿಲ್ಲ. ಗಿರಾಕಿಗಳ ಪ್ರಶ್ನೆ ಒಂದೇ: “ಅರವತ್ತು ಅಂದ್ರೆ ಎಷ್ಟು, ಸಾರ್?”

ಸಮ್ಮೇಳನದಲ್ಲಿ ಹಿಂದಿನ ಸಾಲಿನವರು ಕೈಯೆತ್ತುವುದೂ ಇದಕ್ಕೇ. ಶೇ 60 ಸರಿ, ಯಾವುದರ ಶೇ 60?

ಟೇಪು ಹಿಡಿದೇ ನೋಡೋಣ. 10 ಅಡಿ ಉದ್ದ, 3 ಅಡಿ ಎತ್ತರದ ಬೋರ್ಡು. 36 ಇಂಚು ಎತ್ತರದಲ್ಲಿ ಶೇ 60 ಎಂದರೆ ಮೇಲಿನ 21.6 ಇಂಚು ಕನ್ನಡಕ್ಕೆ, ಕೆಳಗಿನ 14.4 ಇಂಚು ಇಂಗ್ಲಿಷಿಗೆ. ಎರಡಕ್ಕೂ ಮೇಲೆ ಕೆಳಗೆ ಒಂದೊಂದು ಇಂಚು ಅಂಚು ಬಿಡಿ. ಕನ್ನಡದ ಸಾಲಿಗೆ ಉಳಿದದ್ದು 19.6 ಇಂಚು. ಅದರಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ‘ಕ್ಷ್ಮೀ’ ಥರದ್ದು ಬಂದರೆ ಒತ್ತಿಗೊಂದು ಒತ್ತು. ಇವೆಲ್ಲ ಜಾಗ ತಿಂದಮೇಲೆ ಮೂಲ ಅಕ್ಷರಕ್ಕೆ ಸಿಗುವುದು ಅರ್ಧ, ಹತ್ತಿಂಚಿನ ಆಸುಪಾಸು. ಇಂಗ್ಲಿಷ್ ದೊಡ್ಡಕ್ಷರಕ್ಕೆ ಕೊಂಬೂ ಇಲ್ಲ, ಬಾಲವೂ ಇಲ್ಲ. 12 ಇಂಚು ತುಂಬಿ ನೆಟ್ಟಗೆ ನಿಲ್ಲುತ್ತದೆ. ನಿಯಮ ಅಕ್ಷರಶಃ ಪಾಲನೆಯಾಗಿದೆ, ರಸ್ತೆಯಾಚೆಯಿಂದ ಓದಿಸಿಕೊಳ್ಳುವುದು ಮಾತ್ರ ಇಂಗ್ಲಿಷ್. ಕನ್ನಡಕ್ಕೆ ಸೈಟು ದೊಡ್ಡದು, ಮನೆ ಸಣ್ಣದು.

ಹಾಗಾದರೆ ಅಕ್ಷರ ಎಣಿಸೋಣ ಎನ್ನುತ್ತಾರೆ ಇನ್ನೊಬ್ಬರು. ‘ಶ್ರೀ’ ಎಷ್ಟು ಅಕ್ಷರ? ಮೇಷ್ಟರನ್ನು ಕೇಳಿದರೆ ಒಂದು. ಕಂಪ್ಯೂಟರನ್ನು ಕೇಳಿದರೆ ನಾಲ್ಕು: ಶ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ರ, ದೀರ್ಘ. ಇಂಗ್ಲಿಷಿನಲ್ಲಿ ಅದನ್ನೇ ಎಸ್, ಎಚ್, ಆರ್, ಐ ಎಂದು ಬರೆದರೂ ನಾಲ್ಕು. ಮೇಷ್ಟರ ಲೆಕ್ಕದಲ್ಲಿ ಈ ಬೋರ್ಡು ಶೇ 20 ಕನ್ನಡ, ದಂಡ ಗ್ಯಾರಂಟಿ. ಕಂಪ್ಯೂಟರ್ ಲೆಕ್ಕದಲ್ಲಿ ಶೇ 50, ಎಚ್ಚರಿಕೆ ನೋಟಿಸ್. ಲೋಗೊ ಯಾವ ಭಾಷೆ, ಫೋನ್ ನಂಬರು ಯಾವ ಭಾಷೆ, ಬೋಳು ಹಿನ್ನೆಲೆಯ ಮಾತೃಭಾಷೆ ಯಾವುದು ಎಂಬ ಪ್ರಶ್ನೆಗಳಿಗೆ ಸಮಯದ ಅಭಾವ. “ಒಟ್ಟಿನಲ್ಲಿ ನೋಡಿದ ತಕ್ಷಣ ಕನ್ನಡ ಅನ್ನಿಸಬೇಕು” ಎನ್ನುತ್ತಾರೆ ಅಧಿಕಾರಿಗಳು. ಅನ್ನಿಸುವುದಕ್ಕೆ ಇನ್ನೂ ಟೇಪು ಬಂದಿಲ್ಲ.

ಈ ಚರ್ಚೆಯೆಲ್ಲ ಹಗಲಿನದು. ತಪಾಸಣೆಯೂ ಹಗಲಿನದೇ, ಕಚೇರಿ ವೇಳೆ. ಸಂಜೆ ಏಳಕ್ಕೆ ಅದೇ ಬೋರ್ಡಿನ ಸ್ವಿಚ್ ಹಾಕಿ ನೋಡಿ. ಅನೇಕ ಕಡೆ ಇಂಗ್ಲಿಷ್ ಆಕ್ರಿಲಿಕ್ ಲೆಟರು, ಒಳಗೆ ಎಲ್‌ಇಡಿ. ಕನ್ನಡ ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಶೀಟಿನ ಮೇಲೆ ಅಂಟಿಸಿದ ಬರೀ ವಿನೈಲು. ಬೆಳಿಗ್ಗೆ ಹತ್ತಕ್ಕೆ ಶೇ 60 ಇದ್ದ ಕನ್ನಡ ರಾತ್ರಿ ಸೊನ್ನೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ನಡೆಯುವ ಭಾಷಾ ಸಮಗ್ರ ಅಭಿವೃದ್ಧಿ!

ಕನ್ನಡಕ್ಕೂ ದೀಪ ಹಾಕಿಸುವ ಒಳ್ಳೆಯ ಗಿರಾಕಿಗಳಿದ್ದಾರೆ. ಅಲ್ಲಿ ಬೇರೆ ಪವಾಡ ನಡೆಯುತ್ತದೆ. ಮೂರು ಎಲ್‌ಇಡಿಯ 12 ವೋಲ್ಟ್ ಮಾಡ್ಯೂಲ್ ಕೂರಬೇಕಾದರೆ ಅಕ್ಷರದ ಗೆರೆ ಒಂದಿಂಚಾದರೂ ಅಗಲ ಬೇಕು. ಒತ್ತಕ್ಷರದ ಗೆರೆ ಅಷ್ಟು ಇರುವುದಿಲ್ಲ, ಆದ್ದರಿಂದ ಅದರೊಳಗೆ ದೀಪವೂ ಇರುವುದಿಲ್ಲ. ಹಗಲು ‘ಪದ್ಮ’ ಎಂದಿದ್ದ ಜವಳಿ ಅಂಗಡಿ ರಾತ್ರಿ ‘ಪದ’ವಾಗುತ್ತದೆ. ‘ಅನ್ನಪೂರ್ಣ’ ಒತ್ತನ್ನೂ ಅರ್ಕಾವತ್ತನ್ನೂ ಕತ್ತಲಿಗೆ ಬಿಟ್ಟು ‘ಅನಪೂಣ’ ಎಂದು ತೊದಲುತ್ತಾಳೆ. ಇದಕ್ಕೆ ಮದ್ದಿಲ್ಲವೆಂದಲ್ಲ: ಒತ್ತನ್ನು ಮೂಲ ಅಕ್ಷರದ ಮುಕ್ಕಾಲು ಗಾತ್ರಕ್ಕೆ ಹಿಗ್ಗಿಸಿ ಬರೆಯಬಹುದು, ಅಥವಾ ಆ ಜಾಗಕ್ಕೆ ಸಣ್ಣ ಒಂಟಿ ಎಲ್‌ಇಡಿ ಮಾಡ್ಯೂಲ್ ಬಳಸಬಹುದು. ಆದರೆ ಕಂಪ್ಯೂಟರಿನಲ್ಲಿರುವ ನಾಲ್ಕು ಫಾಂಟಿನಲ್ಲಿ ಒಂದನ್ನು ಎಳೆದು ಉದ್ದ ಮಾಡುವುದೇ ಡಿಸೈನು ಎಂದಾದ ಮೇಲೆ ಒತ್ತನ್ನು ಯಾರು ಮಾತಾಡಿಸುತ್ತಾರೆ?

ವೈರಿಂಗ್ ಕೂಡ ತನ್ನದೇ ಭಾಷಾನೀತಿ ಇಟ್ಟುಕೊಂಡಿದೆ. ಒಂದು ಮಾಡ್ಯೂಲ್‌ಗೆ 1.2 ವಾಟ್ ಎಂದರೆ 200ಕ್ಕೆ 240 ವಾಟ್. ಪವರ್ ಸಪ್ಲೈಯನ್ನು ಅದರ ಶಕ್ತಿಯ ಶೇ 80ಕ್ಕಿಂತ ಹೆಚ್ಚು ದುಡಿಸಬಾರದು, ಹಾಗಾಗಿ 300 ವಾಟ್ ಬೇಕು, ಅಂಗಡಿಯಲ್ಲಿ ಸಿಗುವ 350ರದ್ದು ಹಾಕಿದರೆ ನೆಮ್ಮದಿ. ಕೊಟೇಶನ್ ಗೆಲ್ಲಲು 240 ವಾಟಿಗೆ 250ರದ್ದೇ ಹಾಕುತ್ತಾರೆ, ಅದೂ ಮಳೆಗೆ ತಡೆಯದ ಜಾಲರಿ ಡಬ್ಬಿ, ಅದೂ ಬೋರ್ಡಿನ ಹೊಟ್ಟೆಯೊಳಗೆ. ಮೊದಲ ಮುಂಗಾರಿಗೆ ಹಲ್ಲಿ ಬೆಚ್ಚಗೆ ಕೂರುತ್ತದೆ, ಎರಡನೆಯದಕ್ಕೆ ಬೋರ್ಡು ತಣ್ಣಗಾಗುತ್ತದೆ. ಇಪ್ಪತ್ತು–ಇಪ್ಪತ್ತೈದು ಮಾಡ್ಯೂಲ್‌ಗೊಮ್ಮೆ ಪವರ್ ಸಪ್ಲೈಯಿಂದ ಹೊಸ ವೈರು ತರಬೇಕು. ತರದೆ ಅರವತ್ತನ್ನು ಒಂದೇ ಸರಕ್ಕೆ ಪೋಣಿಸಿದರೆ ವೋಲ್ಟೇಜ್ ಇಳಿದು ಕೊನೆಯವು ಮಂಕಾಗುತ್ತವೆ. ಸರ ಶುರುವಾಗುವುದು ಡಬ್ಬಿ ಇರುವ ಕೆಳಗಿನ ಸಾಲಿನಿಂದ, ಮುಗಿಯುವುದು ಮೇಲಿನ ಸಾಲಿನಲ್ಲಿ. ಮೇಲ್ಭಾಗ ಯಾರಿಗೆ ಮೀಸಲು ಎಂದು ಕಾನೂನೇ ಹೇಳಿದೆಯಲ್ಲ.

ಇನ್ನು ಆ ಕನ್ನಡ ಯಾವ ಕನ್ನಡ ಎಂಬುದು. ಗಿರಾಕಿ ವಾಟ್ಸ್‌ಆ್ಯಪಿನಲ್ಲಿ ಕಳಿಸುವುದು ಯೂನಿಕೋಡ್, ಅಂದರೆ ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ಸಂಕೇತ. ಡಿಸೈನರ್ ಬಳಿ ಇರುವುದು ಕೋರೆಲ್ ಎಂಬ ಡಿಸೈನ್ ತಂತ್ರಾಂಶದ ಹಳೆಯ ಆವೃತ್ತಿ ಮತ್ತು ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟು. ನೇರ ಅಂಟಿಸಿದರೆ ಒತ್ತು ಬಿಚ್ಚಿಕೊಂಡು ‘ಸ್‌ವಾಗತ’ವಾಗುತ್ತದೆ, ಇಲ್ಲವೇ ಸಾಲಾಗಿ ಚೌಕಗಳು ಬರುತ್ತವೆ. ಹಾಗಾಗಿ ಫೋನು ನೋಡಿ ಮತ್ತೆ ಟೈಪ್ ಮಾಡುತ್ತಾರೆ. ‘ಶುಭಾಷಯ’, ‘ವಿಧ್ಯುತ್’ ಹುಟ್ಟುವುದು ಅಲ್ಲೇ. ಫೈಲನ್ನು ಕರ್ವ್ ಮಾಡದೆ, ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಿಸದೆ, ಪ್ರೆಸ್ಸಿಗೆ ಕಳಿಸಿದರೆ ಫಾಂಟ್ ಇಲ್ಲದ ಮಶೀನಿನಲ್ಲಿ ಕನ್ನಡ ಪೂರ್ತಿ ಕಸವಾಗುತ್ತದೆ. ಆಗ ತಪ್ಪು ಮಾಡಿದವರು ಯಾರು ಎಂಬ ಬಗ್ಗೆ ಒಂದು ಗಂಟೆಯ ಫೋನ್ ಕರೆ. ಕಾಯ್ದೆಯ ಟೇಪಿಗೆ ಇದ್ಯಾವುದೂ ತಾಗುವುದಿಲ್ಲ. ತಪ್ಪು ಕನ್ನಡ ಶೇ 60 ಇದ್ದರೆ ಪಾಸು, ಸರಿಯಾದ ಕನ್ನಡ ಶೇ 55 ಇದ್ದರೆ ಫೇಲು.

ಈ ಗದ್ದಲದಲ್ಲಿ ನಿಜವಾಗಿ ಕಾಸು ಕಂಡದ್ದು ಫ್ಲೆಕ್ಸು. ಎಸಿಪಿ ಬೋರ್ಡು ಮಾಡಲು ವಾರ ಬೇಕು, ಗಡುವು ನಾಳೆ. ಕೆಲವರು ಇಂಗ್ಲಿಷಿಗೆ ಬಟ್ಟೆ ಹೊದಿಸಿದರು, ಉಳಿದವರಿಗೆ ಎರಡು ಗಂಟೆಯಲ್ಲಿ ಕನ್ನಡ ಫ್ಲೆಕ್ಸ್ ಬಡಿದು ಕೊಡಬೇಕಾಯಿತು. ಈ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ, ದಪ್ಪ ಎಷ್ಟೇ ಇರಲಿ, ನಿಷೇಧಿಸಿತ್ತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗುಡುಗಿದಾಗ ಬೆಂಗಳೂರಿನ ಫ್ಲೆಕ್ಸುಗಳೆಲ್ಲ ಒಂದೆರಡು ದಿನದಲ್ಲಿ ಮಾಯವಾಗಿದ್ದವು. ಒಂದು ಕಾನೂನು ಪಾಲಿಸಲು ಇನ್ನೊಂದನ್ನು ಮುರಿಯುವುದಕ್ಕೆ ನಮ್ಮಲ್ಲಿ ‘ತಾತ್ಕಾಲಿಕ ವ್ಯವಸ್ಥೆ’ ಎಂಬ ಗೌರವದ ಹೆಸರಿದೆ.

ಕೇಂದ್ರದ ಲೆಕ್ಕವೇ ಬೇರೆ. 2022ರ ಜುಲೈ 1ರಿಂದ ನಿಷೇಧವಾದದ್ದು 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್. ಪೇಟೆಯಲ್ಲಿ ಫ್ಲೆಕ್ಸನ್ನು ಮೈಕ್ರಾನಿನಲ್ಲಿ ಯಾರೂ ಕೊಳ್ಳುವುದಿಲ್ಲ, ಜಿಎಸ್‌ಎಂನಲ್ಲಿ ಕೊಳ್ಳುತ್ತಾರೆ: ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಸಾಮಾನ್ಯ 280 ಜಿಎಸ್‌ಎಂ ಫ್ಲೆಕ್ಸಿನ ದಪ್ಪ ಕಾಲು ಮಿಲಿಮೀಟರಿನ ಆಸುಪಾಸು, ಅಂದರೆ 250 ಮೈಕ್ರಾನ್. ದೆಹಲಿಯ ಅಳತೆಗೋಲಿನಲ್ಲಿ ಅದು ಸಜ್ಜನ, ಬೆಂಗಳೂರಿನ ಪಟ್ಟಿಯಲ್ಲಿ ಅಪರಾಧಿ. ತಪಾಸಣೆಗೆ ಬಂದವರು ತೂಕ ಕೇಳಿದರೆ ದಪ್ಪ ಹೇಳಿ, ದಪ್ಪ ಕೇಳಿದರೆ ತೂಕ ಹೇಳಿ ಎಂಬುದು ಚಹಾ ವಿರಾಮದಲ್ಲಿ ಸಿಗುವ ಉಚಿತ ಸಲಹೆ. ಸಾರ್ವಜನಿಕ ಸ್ಥಳ ವಿರೂಪ ತಡೆಯಲು 1981ರ ಕಾಯ್ದೆಯೂ ಇದೆ: ಆರು ತಿಂಗಳವರೆಗೆ ಜೈಲು ಅಥವಾ ₹1,000ದವರೆಗೆ ದಂಡ. 20ಕ್ಕೆ 10 ಅಡಿಯ ಹುಟ್ಟುಹಬ್ಬದ ಫ್ಲೆಕ್ಸಿಗೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅಣ್ಣನ ಅಭಿಮಾನಿಗಳು ದಂಡವನ್ನು ಹಗ್ಗ ಕಟ್ಟಲು ಬಡಿಯುವ ಐಲೆಟ್ ಬಳೆಗಳ ಖರ್ಚಿನ ಜೊತೆ ಬರೆದುಕೊಂಡುಬಿಡುತ್ತಾರೆ.

ಗಾಳಿಯ ವಿಷಯ ಬಂದಾಗ ಸಭೆಯಲ್ಲಿ ನಗು ನಿಲ್ಲುತ್ತದೆ. 2024ರ ಮೇ 13ರಂದು ಮುಂಬೈಯ ಘಾಟ್ಕೋಪರ್‌ನಲ್ಲಿ ಬಿದ್ದ ಹೋರ್ಡಿಂಗ್ 120ಕ್ಕೆ 140 ಅಡಿ ಇತ್ತು, ಅನುಮತಿಯ ಮಿತಿ 40ಕ್ಕೆ 40. ಹದಿನೇಳು ಜನ ಸತ್ತರು. ಹತ್ತು ಪಟ್ಟು ದೊಡ್ಡ ಬೋರ್ಡು ಕಣ್ಣಿಗೆ ಬೀಳದಿರಲು ಎಷ್ಟು ಅಭ್ಯಾಸ ಬೇಕು! ಲೆಕ್ಕ ಕಷ್ಟದ್ದೇನಲ್ಲ. ಕಟ್ಟಡಗಳ ಮೇಲೆ ಬೀಳುವ ಹೊರೆಯ ಭಾರತೀಯ ಮಾನಕವಾದ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39, ಮುಂಬೈಯದು 44. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಬರುತ್ತದೆ. ಬೆಂಗಳೂರಿನಲ್ಲಿ ಚದರ ಮೀಟರಿಗೆ ಸುಮಾರು 650 ನ್ಯೂಟನ್. 40ಕ್ಕೆ 20 ಅಡಿಯ ಹೋರ್ಡಿಂಗಿಗೆ ಅದು ಹತ್ತಿರ ಹತ್ತಿರ ಐದು ಟನ್ ತೂಕದ ತಳ್ಳು, ಮುಂಬೈಯಲ್ಲಾದರೆ ಒಂಬತ್ತು. ಎತ್ತರ, ಆಕಾರದ ಗುಣಾಂಕ ಸೇರಿಸಿದರೆ ಇನ್ನೂ ಏರಬಹುದು. ಈ ಐದು ಟನ್ನನ್ನು ನಾವು ತಾರಸಿಯ ನಾಲ್ಕಿಂಚಿನ ಇಟ್ಟಿಗೆ ಕಟ್ಟೆಗೆ 12 ಎಂಎಂ ಆ್ಯಂಕರ್ ಬೋಲ್ಟ್ ಹಾಕಿ ಒಪ್ಪಿಸಿರುತ್ತೇವೆ. ಗಾಳಿಗೆಂದು ಫ್ಲೆಕ್ಸಿನಲ್ಲಿ ನಾಲ್ಕು ತೂತು ಕೊರೆದು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ತೂತುಗಳಿಂದ ಕಡಿಮೆಯಾಗುವುದು ಗಾಳಿಯ ಒತ್ತಡಕ್ಕಿಂತ ಮಾಲೀಕರ ರಕ್ತದೊತ್ತಡ. ಸ್ಥಿರತೆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಎಂಜಿನಿಯರು ಫೋಟೊ ನೋಡಿಯೇ ವೆಲ್ಡಿಂಗ್ ಗಟ್ಟಿಯೆಂದು ಹೇಳಬಲ್ಲರು. ಮೇಲೆ ಹತ್ತಿ ನೋಡಿದರೆ ಸಹಿ ಹಾಕಲು ಮನಸ್ಸು ಬರುವುದಿಲ್ಲ, ಅದಕ್ಕೇ ಹತ್ತುವುದಿಲ್ಲ.

ಅನುಮತಿ ಕೊಡುವವರು ಯಾರು ಎಂಬುದನ್ನು ಸ್ಲೈಡಿನಲ್ಲಿ ಹಾಕಿರುತ್ತಾರೆ. ಆದರೆ ಸ್ಲೈಡು ಬಿಬಿಎಂಪಿ ಕಾಲದ್ದು. 2025ರ ಸೆಪ್ಟೆಂಬರಿನಲ್ಲಿ ಅದು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಗಡಿಯ ರಸ್ತೆಯಲ್ಲಿ ಬೋರ್ಡಿನ ಕಂಬ ಒಂದು ಪಾಲಿಕೆಯದು, ಬೋರ್ಡಿನ ನೆರಳು ಇನ್ನೊಂದರದು. ಸಂಘ ಪ್ರತಿ ವರ್ಷ ‘ಏಕಗವಾಕ್ಷಿ’ ಬೇಕೆಂದು ನಿರ್ಣಯ ಮಾಡುತ್ತದೆ. ಒಂದಿದ್ದ ಬಾಗಿಲು ಈಗ ಐದಾಗಿರುವುದರಿಂದ ಬೇಡಿಕೆಗೆ ಭಾಗಶಃ ಸ್ಪಂದಿಸಿದಂತಾಗಿದೆ. ಉಳಿದ ಮಾಹಿತಿ ಗುಂಪಿನಲ್ಲಿ ಬರುತ್ತದೆ ಎಂದು ಕಾರ್ಯದರ್ಶಿಗಳು ಪ್ರಕಟಿಸುತ್ತಾರೆ. ಬರುತ್ತದೆ ಕೂಡ: ಸುತ್ತೋಲೆಯ ಫೋಟೊದ ಫೋಟೊ, ಅಡ್ಡಡ್ಡ ತಿರುಗಿದ್ದು, ದಿನಾಂಕದ ಮೇಲೆ ಯಾರದೋ ಹೆಬ್ಬೆರಳು.

ಐದೂವರೆಗೆ ವಂದನಾರ್ಪಣೆ. ಪ್ರಶ್ನೋತ್ತರಕ್ಕಿಟ್ಟಿದ್ದ ಹತ್ತು ನಿಮಿಷ ಸನ್ಮಾನಕ್ಕೆ ಹೋಗಿರುತ್ತದೆ. ಹೊರಗೆ ಮಳೆ ಶುರುವಾಗಿರುತ್ತದೆ. ಬಾಡಿಗೆ ಕುರ್ಚಿ ತುಂಬಿದ ಟೆಂಪೊದ ಮೇಲೆ ಹೊದಿಸಲು ಹುಡುಗರು ಏನನ್ನೋ ಹುಡುಕುತ್ತಾರೆ, ಕೊನೆಗೆ ಬ್ಯಾಕ್‌ಡ್ರಾಪನ್ನೇ ಬಿಚ್ಚಿ ಎಳೆಯುತ್ತಾರೆ. ಮುದ್ರಣದ ಮಗ್ಗುಲು ಒಳಗೆ, ಬಿಳಿ ಮಗ್ಗುಲು ಹೊರಗೆ, ನಾಲ್ಕು ಮೂಲೆಯ ಐಲೆಟ್‌ಗೆ ಹಗ್ಗ. ಸಚಿವರ ಪ್ಯಾಚು ಒದ್ದೆಯಾಗಿ ಕಿತ್ತು ಒಂದು ಕುರ್ಚಿಗೆ ಅಂಟಿಕೊಳ್ಳುತ್ತದೆ. ‘ಉಧ್ಘಾಟನೆ’ ಕುರ್ಚಿಗಳ ಕಡೆ ಮುಖಮಾಡಿ ಮಲಗುತ್ತದೆ. ಚೆನ್ನಾದ ಮಾಲು, 250 ಮೈಕ್ರಾನ್; ಒಂದು ಹನಿ ನೀರೂ ಒಳಗೆ ಇಳಿಯುವುದಿಲ್ಲ.