21 ಪಾಯಿಂಟಿನ ಕಾರು

ಊರಲ್ಲಿ ಮನೆ ಕಟ್ಟಿಸುವಾಗ ಎಲೆಕ್ಟ್ರಿಷಿಯನ್ ಬಂದವನೇ ಕೇಳುವ ಪ್ರಶ್ನೆ ಒಂದೇ. "ಎಷ್ಟು ಪಾಯಿಂಟ್ ಸಾರ್?" ಅವನ ಕೂಲಿ, ಲೆಕ್ಕ ಎಲ್ಲ ಪಾಯಿಂಟಿನ ಮೇಲೆ. ಹಾಸನದ ನಮ್ಮ ಮನೆಗೆ ಅಪ್ಪ ದುಡ್ಡು ಉಳಿಸೋಕೆ ಅಂತ ಪಾಯಿಂಟ್ ಕಮ್ಮಿ ಹಾಕಿಸಿದರು. ಆಮೇಲೆ ಇಪ್ಪತ್ತು ವರ್ಷ ಅಮ್ಮ ಮಿಕ್ಸಿ ತಿರುಗಿಸಬೇಕಾದರೆ ಫ್ರಿಜ್ಜಿನ ಪ್ಲಗ್ ಕೀಳುತ್ತಿದ್ದಳು. ಅದನ್ನು ನೋಡಿ ಬೆಳೆದವನು ನಾನು. ಹಾಗಾಗಿ ನನ್ನ ಕಾರಿಗೆ ವೈರಿಂಗ್ ಕಿಟ್ ತರಿಸುವ ಕಾಲ ಬಂದಾಗ ಮನಸ್ಸಿನಲ್ಲೇ ತೀರ್ಮಾನ ಆಗಿಹೋಗಿತ್ತು. ಪಾಯಿಂಟ್ ಜಾಸ್ತೀನೇ ಇರಲಿ.

ಕಾರು ಅಂದರೆ ದಿನಾ ಆಫೀಸಿಗೆ ಹೋಗುವ ಕಾರಲ್ಲ. ಡೆಟ್ರಾಯಿಟ್ ಪಕ್ಕದ ನಮ್ಮ ಮನೆಯ ಗ್ಯಾರೇಜಿನಲ್ಲಿ ಎರಡು ವರ್ಷದಿಂದ ನಾನೇ ಕೂತು ಜೋಡಿಸುತ್ತಿದ್ದ ಹಾಟ್ ರಾಡ್. ಹಳೇ ಕಾರಿನ ಮಡ್‌ಗಾರ್ಡ್ ಕಿತ್ತು, ಭಾರ ಇಳಿಸಿ, ಮೈಗೆ ಮೀರಿದ ಎಂಜಿನ್ ಕೂರಿಸಿದರೆ ಅದು ಹಾಟ್ ರಾಡ್. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮ್ಯೂರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಗಳ ಅಂಗಳದಲ್ಲಿ ಇಂಥ ಕಾರು ಓಡಿಸಿ ಹುಚ್ಚು ಹಬ್ಬಿಸಿದರು. ಅವರೆಲ್ಲರ ಕಣ್ಣು 1932ರ ಫೋರ್ಡ್ ಮೇಲೆ. ಸಾಮಾನ್ಯರ ಕೈಗೆಟುಕುವ ಬೆಲೆಗೆ ಫೋರ್ಡ್ ಮೊದಲ ಸಲ ಎಂಟು ಸಿಲಿಂಡರಿನ ವಿ8 ಎಂಜಿನ್ ಕೊಟ್ಟಿದ್ದು ಆ ವರ್ಷವೇ. 65 ಕುದುರೆ ಶಕ್ತಿ. ಈಗ ಅದರ ಅಸಲಿ ಉಕ್ಕಿನ ಬಾಡಿ ಅಂದರೆ ಚಿನ್ನದ ಬೆಲೆ. ನಮ್ಮಂಥವರಿಗೆ ಅದೇ ಆಕಾರದ ಫೈಬರ್‌ಗ್ಲಾಸ್ ಬಾಡಿ ಕಿಟ್ ರೂಪದಲ್ಲಿ ಸಿಗುತ್ತದೆ. ಈ ಫೈಬರ್‌ಗ್ಲಾಸ್ ಅನ್ನುವ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಎಂಜಿನ್ ಮಾತ್ರ ಶೆವರ್ಲೆಯದು, 350 ಕ್ಯೂಬಿಕ್ ಇಂಚು. ಫೋರ್ಡ್ ಮೈಗೆ ಶೆವರ್ಲೆ ಹೃದಯ. ಡೆಟ್ರಾಯಿಟ್ ಕಡೆ ಇದು ಒಂಥರಾ ಅಂತರ್ಜಾತಿ ಮದುವೆ. ನಡೆಯುತ್ತೆ, ಆದರೆ ಎರಡೂ ಕಡೆಯ ಹಿರಿಯರು ಮುಖ ಸಿಂಡರಿಸುತ್ತಾರೆ.

1932ರ ಆ ಫೋರ್ಡಿಗೆ ಇದ್ದದ್ದು 6 ವೋಲ್ಟ್ ಬ್ಯಾಟರಿ. ಪಾಸಿಟಿವ್ ಕಡೆ ಅರ್ಥ್. ವೈರ್ ಅಂದರೆ ಒಂದು ಹಿಡಿ. ಈಗ ಕಿಟ್ ಕೊಳ್ಳಲು ಹೋದರೆ 8 ಸರ್ಕ್ಯೂಟ್, 12 ಸರ್ಕ್ಯೂಟ್, 18, 21, 24. ನಮ್ಮೂರಿನ ಪಾಯಿಂಟೇ ಕಾರಿನಲ್ಲಿ ಸರ್ಕ್ಯೂಟ್. ಹಳೇ ಕಾಲದ ಗಾಜಿನ ಫ್ಯೂಸ್ ಬೇಕಾ, ಚಪ್ಪಟೆ ಫ್ಯೂಸ್ ಬೇಕಾ? ವೈರಿನ ಮೈ ಮಾಮೂಲಿ ಪಿವಿಸಿ ಇರಲಾ, 125 ಡಿಗ್ರಿ ಬಿಸಿ ತಡೆಯುವ ಇನ್ನೊಂದು ಇರಲಾ? ವೈರಿನ ಉದ್ದಕ್ಕೂ ಅದು ಯಾವುದರದ್ದು ಅಂತ ಅಚ್ಚು ಹಾಕಿರಬೇಕಾ, ಬರೀ ಬಣ್ಣ ಸಾಕಾ? ಒಂದು ಕಂಪನಿಯ ಹೆಸರೇ "ಪೇನ್‌ಲೆಸ್". ನೋವಿಲ್ಲದ್ದು. ನನಗೆ ಹಲ್ಲಿನ ಡಾಕ್ಟರು ನೆನಪಾಗಿ ಮುಂದಕ್ಕೆ ಹೋದೆ.

ಹೀಗೆ ಮೂರು ತಿಂಗಳು. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತರೆ ಹನ್ನೆರಡು ಗಂಟೆ.

"ರೀ, ಸೀರೆ ಅಂಗಡೀಲಿ ಅರ್ಧ ಗಂಟೆ ಆದ್ರೆ ಉಸ್ಸಪ್ಪಾ ಅಂತೀರ. ಇದೇನು ಮೂರು ತಿಂಗಳಿಂದ ಬರೀ ಬಾರ್ಡರ್ ನೋಡ್ತಿದೀರ?" ಅಂದಳು ನನ್ನ ಹೆಂಡತಿ.

ಪಕ್ಕದ ಮನೆಯಲ್ಲಿ ಒಬ್ಬ ಅಮೆರಿಕನ್ ಅಜ್ಜ ಇದ್ದಾನೆ. ಜೀವಮಾನವೆಲ್ಲ ಕಾರಿನ ಕಾರ್ಖಾನೆಯಲ್ಲಿ ಕಳೆದವನು. ಅವನು ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬೆರಳು ಮಡಚಿದ. ಹೆಡ್‌ಲೈಟ್, ಹಿಂದಿನ ದೀಪ, ಬ್ರೇಕ್, ಇಂಡಿಕೇಟರ್, ಹಾರ್ನ್, ಇಗ್ನಿಷನ್, ಸ್ಟಾರ್ಟರ್, ಫ್ಯಾನ್, ಮೀಟರ್‌ಗಳು. ಹನ್ನೆರಡು ಸರ್ಕ್ಯೂಟ್ ಧಾರಾಳ, ಮಿಕ್ಕುತ್ತೆ ಅಂದ. ದುಡ್ಡು ಇದ್ದರೆ ಅಚ್ಚು ಹಾಕಿದ ವೈರ್ ತಗೋ ಅಂತಲೂ ಹೇಳಿದ.

ನಾನು ಎರಡನ್ನೂ ಕೇಳಲಿಲ್ಲ. ಅಚ್ಚು ಇಲ್ಲದ 21 ಸರ್ಕ್ಯೂಟಿನ ಕಿಟ್ಟು, ಅಚ್ಚು ಇರುವ 12ರ ಅರ್ಧ ಬೆಲೆಗೆ ಸಿಗುತ್ತಿತ್ತು. ಪಾಯಿಂಟಿಗೆ ಇಷ್ಟು ಅಂತ ಭಾಗಿಸಿ ನೋಡಿದೆ. ಹಾಸನದ ಯಾವ ಎಲೆಕ್ಟ್ರಿಷಿಯನ್ನೂ ಇಷ್ಟು ಕಮ್ಮಿಗೆ ಬರಲ್ಲ. ಒತ್ತಿಬಿಟ್ಟೆ.

ಡಬ್ಬ ತೆರೆದರೆ ಯಾರೋ ಐದಾರು ಬಣ್ಣ ಹಾಕಿ ಒತ್ತಿದ ಶಾವಿಗೆಯ ಹಾಗಿತ್ತು. ಜೊತೆಗೆ ಮಸುಕಾದ ಒಂದು ಹಾಳೆ, ಯಾವ ಬಣ್ಣ ಎಲ್ಲಿಗೆ ಅಂತ. ಹರಡಿ ನೋಡುತ್ತಾ ಹೋದೆ. ಪವರ್ ಕಿಟಕಿಗೆ ವೈರ್. ನನ್ನ ಕಾರಿಗೆ ಕಿಟಕಿ ಇಲ್ಲ. ಬಾಗಿಲ ಲಾಕಿಗೆ ವೈರ್. ಬಾಗಿಲಿದೆ, ಲಾಕ್ ಇಲ್ಲ. ರೇಡಿಯೋಗೆ ಎರಡು. ಹೀಟರಿಗೆ ಒಂದು. ಕೊನೆಗೆ, ಚಾವಣಿ ದೀಪಕ್ಕೆ ಒಂದು. ರೋಡ್‌ಸ್ಟರ್ ಅಂದರೆ ಚಾವಣಿಯೇ ಇಲ್ಲದ ಕಾರು.

"ಆಕಾಶಕ್ಕೆ ಕಟ್ಟಿ" ಅಂದಳು ಇವಳು.

ಮೊದಲ ಪೆಟ್ಟು ಬ್ಯಾಟರಿ ಕೇಬಲ್ಲಿನದ್ದು. ಬ್ಯಾಟರಿ ಡಿಕ್ಕಿಯಲ್ಲಿ, ಸ್ಟಾರ್ಟರ್ ಮುಂದೆ. ಮಧ್ಯೆ ದಪ್ಪ ಕೇಬಲ್ ಬೇಕು. ನಮ್ಮಲ್ಲಿ ದೀಪಕ್ಕೆ ಒಂದೂವರೆ ಎಂಎಂ, ಪ್ಲಗ್ಗಿಗೆ ಎರಡೂವರೆ, ಗೀಸರಿಗೆ ನಾಲ್ಕು. ನಂಬರ್ ದೊಡ್ಡದಾದರೆ ವೈರ್ ದಪ್ಪ. ಅಂಗಡಿಯಲ್ಲಿ 2 ನಂಬರ್ ಇತ್ತು, 10 ನಂಬರ್ ಇತ್ತು. ಕಂಜೂಸ್ತನ ಮಾಡೋದು ಬೇಡ ಅಂತ 10 ನಂಬರಿನ ಸುರುಳಿ ಆರ್ಡರ್ ಮಾಡಿದೆ. ಬಂದಿದ್ದು ಬಟ್ಟೆ ಒಣಹಾಕುವ ಹಗ್ಗಕ್ಕಿಂತ ಸಣ್ಣದು. ಐದು ಎಂಎಂ ಚಿಲ್ಲರೆ. ಗೀಸರಿಗೆ ಸಾಕು.

ಅಮೆರಿಕದ ಗೇಜ್ ಲೆಕ್ಕ ತಲೆಕೆಳಗು. ತಾಮ್ರದ ಸರಳನ್ನು ತೂತಿನಿಂದ ತೂತಿಗೆ ಎಷ್ಟು ಸಲ ಎಳೆದು ಸಣ್ಣಗೆ ಮಾಡಿದರು ಅನ್ನುವುದರಿಂದ ಬಂದ ನಂಬರ್ ಅದು. ಜಾಸ್ತಿ ಎಳೆದಷ್ಟೂ ಸಣ್ಣ. ಒಂದಕ್ಕಿಂತ ದಪ್ಪ ಬೇಕಾದರೆ ಸೊನ್ನೆ. ಅದಕ್ಕಿಂತಲೂ ದಪ್ಪ ಅಂದರೆ ಎರಡು ಸೊನ್ನೆ. ಸೊನ್ನೆಯ ಪಕ್ಕ ಸೊನ್ನೆ ಇಟ್ಟರೆ ಬೆಲೆ ಏರುವುದನ್ನು ನಾನು ನೋಡಿದ್ದು ಇಲ್ಲಿ ಮಾತ್ರ. ಅಜ್ಜ ಆ ಸುರುಳಿ ನೋಡಿ ಏನೂ ಅನ್ನಲಿಲ್ಲ. ಮನೆಗೆ ಹೋಗಿ, ತನ್ನ ಹತ್ತಿರ ಉಳಿದಿದ್ದ ಹೆಬ್ಬೆರಳು ದಪ್ಪದ ಕೇಬಲ್ ತಂದು ಮೇಜಿನ ಮೇಲಿಟ್ಟು ಹೋದ. ಬೈದಿದ್ದರೆ ವಾಸಿ ಇತ್ತು.

ಎರಡನೆಯದು ಕಪ್ಪು ವೈರ್. ಕಪ್ಪು ಬಣ್ಣದ ಬಗ್ಗೆ ನನ್ನ ಬದುಕಿನಲ್ಲಿ ಒಂದು ಖಚಿತ ಅಭಿಪ್ರಾಯ ಇರಬೇಕಿತ್ತು, ಇರಲು ಬಿಡಲಿಲ್ಲ. ಹಾಸನದ ಮನೆಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಇಲ್ಲಿನ ಮನೆಯಲ್ಲಿ ಕಪ್ಪು ಮುಟ್ಟಿದರೆ ಶಾಕ್, ನ್ಯೂಟ್ರಲ್ ಬಿಳಿ. ಕಾರಿಗೆ ಬಂದರೆ ಕಪ್ಪು ಸಾಮಾನ್ಯವಾಗಿ ಅರ್ಥ್. ಸರಿ, ಕಾರಲ್ವಾ ಅಂತ ಕಟ್ಟಿನಲ್ಲಿದ್ದ ಕಪ್ಪು ವೈರನ್ನು ನೇರ ಚಾಸಿಗೆ, ಅಂದರೆ ಕಾರಿನ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಬೋಲ್ಟ್ ಹಾಕಿ ಬಿಗಿದೆ. ಇಂಥ ಕಿಟ್ಟುಗಳು ಬಹಳಷ್ಟು ಜಿಎಂ (ಜನರಲ್ ಮೋಟರ್ಸ್) ಕಂಪನಿಯ ಹಳೇ ಬಣ್ಣದ ಪದ್ಧತಿ ಹಿಡಿಯುತ್ತವೆ. ಅದರಲ್ಲಿ ಇಗ್ನಿಷನ್ ಗುಲಾಬಿ, ಸ್ಟಾರ್ಟರ್ ನೇರಳೆ, ಹಿಂದಿನ ದೀಪ ಕಂದು. ಕಪ್ಪು ಇರುವುದು ಹಾರ್ನ್ ಬಟನ್ನಿಗೆ. ಅದು ಚಾಸಿಗೆ ತಗುಲಿದರೆ ಬಟನ್ ಒತ್ತಿದ ಹಾಗೆ.

ರಾತ್ರಿ ಹನ್ನೊಂದು. ಬ್ಯಾಟರಿ ಟರ್ಮಿನಲ್ ಕೂರಿಸಿ ಸ್ಪ್ಯಾನರಿನಲ್ಲಿ ಒಂದು ಸುತ್ತು ಬಿಗಿದೆ. ಎರಡು ಹಾರ್ನೂ ಒಟ್ಟಿಗೆ ಕಿರುಚಿಕೊಂಡವು. ಬೆಚ್ಚಿಬಿದ್ದ ರಭಸಕ್ಕೆ ಸ್ಪ್ಯಾನರ್ ಕೈಜಾರಿ ಕಾರಿನ ಕೆಳಗೆ ಹೋಯಿತು. ಹಾರ್ನ್ ಬಟನ್ ಕೀಳೋಣ ಅಂದರೆ ಸ್ಟೀರಿಂಗನ್ನೇ ಇನ್ನೂ ಹಾಕಿಲ್ಲ. ನಾನು ಹೊಟ್ಟೆಯ ಮೇಲೆ ಮಲಗಿ ಸ್ಪ್ಯಾನರ್ ತಡಕುತ್ತಿದ್ದರೆ ಬೀದಿಯಲ್ಲಿ ಒಂದೊಂದೇ ಮನೆಯ ದೀಪ ಹತ್ತಿಕೊಂಡವು. ಅವರ ಮನೆಯ ವೈರಿಂಗ್ ಎಲ್ಲ ಸರಿಯಾಗಿತ್ತು. ಕೊನೆಗೆ ಅಜ್ಜ ಪೈಜಾಮದಲ್ಲೇ ಬಂದು ಟರ್ಮಿನಲ್ ಬಿಚ್ಚಿದ. ಮಾರನೇ ದಿನ ಬ್ಯಾಟರಿಗೆ ಹಾಕುವ ಮೇನ್ ಸ್ವಿಚ್ ಒಂದನ್ನು ಉಡುಗೊರೆ ಕೊಟ್ಟ. ಉಡುಗೊರೆ ನನಗೋ ಬೀದಿಗೋ ಗೊತ್ತಾಗಲಿಲ್ಲ.

ಆಮೇಲೆ ರಿಲೇಗಳು ಬಂದವು, ಕರೆಂಟಿನಿಂದಲೇ ಆನ್ ಆಗುವ ಸ್ವಿಚ್ಚುಗಳು. ಅದರ ಕಾಲುಗಳಿಗೆ 30, 85, 86, 87 ಅಂತ ನಂಬರು, ಬಿಎಂಟಿಸಿ ಬಸ್ಸಿನ ಹಾಗೆ. ಅದರಲ್ಲಿ ಮಾತ್ರ ತಪ್ಪು ಬಸ್ ಹತ್ತಲಿಲ್ಲ.

ಎಲ್ಲ ಮುಗಿಯಿತು ಅಂತ ಒಂದು ಭಾನುವಾರ ಮಗಳನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದೆ.

"ಬಂತಾ?"

"ಇಲ್ಲಪ್ಪಾ."

"ಈಗ?"

"ಇಲ್ಲ. ಆದ್ರೆ ಮುಂದೆ ಏನೋ ಹತ್ತಿದೆ."

ನಿಜ. ಬ್ರೇಕ್ ಒತ್ತಿದರೆ ಹಿಂದಿನ ದೀಪ ಕತ್ತಲೆ, ಮುಂದಿನ ಪಾರ್ಕಿಂಗ್ ದೀಪ ಹರಳೆಣ್ಣೆ ಹಣತೆಯ ಹಾಗೆ ಮಿಣಮಿಣ. ಮೀಟರಿನ ಒಳಗೂ ಮಂಕು ಬೆಳಕು. ಇಂಡಿಕೇಟರ್ ಹಾಕಿದರೆ ಅವೇ ದೀಪಗಳು ಉಸಿರಾಡುತ್ತವೆ. ನಾನು 1939ರ ಫೋರ್ಡಿನ ಹನಿ ಆಕಾರದ ಹಿಂದೀಪಗಳನ್ನು ಹುಡುಕಿ ತಂದು ಹಾಕಿದ್ದೆ. ಅವು ಕಣ್ಣೀರಿನ ಹನಿ ಅಂತ ಆಗ ಅರ್ಥವಾಯಿತು. ಫ್ಯೂಸ್ ಬದಲಿಸಿದೆ. ಬಲ್ಬ್ ಬದಲಿಸಿದೆ. 21 ವೈರುಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದೆ. ಎಲ್ಲದರಲ್ಲೂ 12 ವೋಲ್ಟ್ ಸೊಗಸಾಗಿ ಬರುತ್ತಿದೆ. ಇಡೀ ಕಾರಿನಲ್ಲಿ ನೆಟ್ಟಗೆ ಕೆಲಸ ಮಾಡುತ್ತಿದ್ದದ್ದು ಪೆಟ್ರೋಲ್ ಮುಳ್ಳು. ಡಬ್ಬದಲ್ಲಿ ತಂದು 5 ಗ್ಯಾಲನ್ ಸುರಿದಿದ್ದೆ, ಅದು ಫುಲ್ ತೋರಿಸುತ್ತಿತ್ತು. ಇದೊಂದಾದರೂ ಸರಿ ಇದೆಯಲ್ಲ ಅಂತ ಸಮಾಧಾನ.

ಆ ವಾರ ಅಜ್ಜ ಮಗಳ ಊರಿಗೆ ಹೋಗಿದ್ದ. ನಮ್ಮ ಅಪ್ಪ ಎಂದಿನಂತೆ ವಿಡಿಯೋ ಕಾಲ್ ಮಾಡಿದರು. ಅಪ್ಪನಿಗೆ ಎಲೆಕ್ಟ್ರಿಕಲ್ ಗೊತ್ತಿಲ್ಲ, ಕಂದಾಯ ಇಲಾಖೆಯ ಮನುಷ್ಯ. ಆದರೆ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕನ್ನು ಹದಿನೆಂಟು ವರ್ಷ ಓಡಿಸಿದವರು. ಅದರ ಹಿಂದಿನ ದೀಪ ಕೆಟ್ಟಾಗಲೆಲ್ಲ ಮಡ್‌ಗಾರ್ಡಿಗೆ ಕೈಯಲ್ಲಿ ಗುದ್ದಿ ಹತ್ತಿಸುತ್ತಿದ್ದರು. ನಾನು ಫೋನನ್ನು ದೀಪದ ಕಡೆ ತಿರುಗಿಸಿ ಕಥೆ ಹೇಳಿದೆ.

"ಅರ್ಥಿಂಗ್ ನೋಡಿದೆಯೇನೋ?"

"ಚಾಸಿಗೆ ಕೊಟ್ಟಿದೀನಪ್ಪ."

"ಚಾಸಿಗಲ್ಲ ಕಣೋ, ದೀಪಕ್ಕೆ. ದೀಪ ಎಲ್ಲಿ ಬೋಲ್ಟ್ ಆಗಿದೆ?"

"ಬಾಡಿಗೆ."

"ಬಾಡಿ ಯಾವುದರದ್ದು?"

"ಫೈಬರ್."

ಹಾಸನದಲ್ಲಿ ಒಂದು ಕ್ಷಣ ಮೌನ.

"ಸಿಂಟೆಕ್ಸ್ ಟ್ಯಾಂಕಿಗೆ ಬಲ್ಬ್ ಸಿಗಿಸಿ ಉರೀತಿಲ್ಲ ಅಂತೀಯಲ್ಲೋ. ನಿನ್ನನ್ನ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿಸಿದ್ದು ನಾನೇನಾ?"

ಅವರೇ. ಕಿರ್ಚಾಫ್ ನಿಯಮಕ್ಕೆ ಹತ್ತಕ್ಕೆ ಹತ್ತು ಅಂಕ ಬಂದಿತ್ತು ಕೂಡ. ಒಳಗೆ ಹೋದ ಕರೆಂಟು ಅಷ್ಟೂ ಹೊರಗೆ ಬರಲೇಬೇಕು. ಉಕ್ಕಿನ ಕಾರಿನಲ್ಲಿ ಬಾಡಿಯೇ ವಾಪಸ್ ಬರುವ ದಾರಿ, ಅದಕ್ಕೆ ಬೇರೆ ವೈರ್ ಎಳೆಯಬೇಕಿಲ್ಲ. ನನ್ನ ಫೈಬರ್ ಕಾರಿನಲ್ಲಿ ಕರೆಂಟು ಹಿಂದಿನ ಬಲ್ಬಿಗೆ ಹೋಗಿ, ಮನೆಗೆ ವಾಪಸ್ ಬರಲು ರಸ್ತೆ ಇಲ್ಲದೆ, ಅದೇ ಬಲ್ಬಿನೊಳಗೆ ರಾತ್ರಿಯ ದೀಪಕ್ಕೆ ಅಂತ ಇರುವ ಇನ್ನೊಂದು ತಂತಿಯೊಳಗೆ ನುಗ್ಗಿ, ಕಂದು ವೈರ್ ಹಿಡಿದು ಮುಂದಿನ ದೀಪದ ತನಕ ನಡೆದು, ಅಲ್ಲಿ ಚಾಸಿ ಸಿಕ್ಕ ಮೇಲೆ ಇಳಿಯುತ್ತಿತ್ತು. ಅಷ್ಟು ಸುತ್ತಿ ಬಂದವನಿಗೆ ಉರಿಯಲು ಶಕ್ತಿ ಎಲ್ಲಿ? ಹೋಗುವ ದಾರಿ 21 ಬೇಕಾ, 12 ಸಾಕಾ ಅಂತ ಮೂರು ತಿಂಗಳು ಕೂತಿದ್ದೆ. ಬರುವ ದಾರಿಯ ವೈರ್ ಆ ಡಬ್ಬದಲ್ಲಿ ಒಂದು ಗೇಣೂ ಇರಲಿಲ್ಲ.

ನೂರು ಅಡಿ ಕಪ್ಪು ವೈರ್ ತಂದೆ. ಡ್ಯಾಶ್‌ಬೋರ್ಡಿನ ಕೆಳಗೊಂದು, ಡಿಕ್ಕಿಯಲ್ಲೊಂದು ಹಿತ್ತಾಳೆ ಪಟ್ಟಿ ಕೂರಿಸಿದೆ. ಪ್ರತಿ ದೀಪದಿಂದ ಪಟ್ಟಿಗೆ ಒಂದು ವೈರ್, ಪಟ್ಟಿಯಿಂದ ಚಾಸಿಗೆ ಒಂದು. ಚಾಸಿಗೆ ಆಸೆಪಟ್ಟು ಹೊಡೆಸಿದ್ದ ಹೊಳೆಯುವ ಪೌಡರ್ ಕೋಟ್ ಬಣ್ಣವನ್ನು ಬೋಲ್ಟ್ ಕೂರುವಲ್ಲೆಲ್ಲ ನಾನೇ ಕೆರೆದು ತೆಗೆದೆ. ಬಣ್ಣದ ಮೇಲೆ ಕರೆಂಟ್ ಹರಿಯಲ್ಲ. ಎಣಿಸಿದರೆ ಕಿಟ್ಟಿನಲ್ಲಿ ಬಂದ ವೈರುಗಳ ಪೈಕಿ ನಾನು ಬಳಸಿದ್ದು ಹನ್ನೆರಡು. ಅಜ್ಜ ಬಂದ ಮೇಲೆ ಅವನಿಗೆ ಈ ಸಂಖ್ಯೆ ಹೇಳಲಿಲ್ಲ.

ಮಿಷಿಗನ್‌ನಲ್ಲಿ ಹೀಗೆ ಮನೆಯಲ್ಲಿ ಜೋಡಿಸಿದ ಕಾರಿಗೆ ಪೊಲೀಸರೊಬ್ಬರು ನೋಡಿ ಸಹಿ ಹಾಕಬೇಕು. ಹಾರ್ನ್ ಒತ್ತಿ ಅಂದರು. ಒತ್ತಿದಾಗ ಮಾತ್ರ ಕೂಗಿತು.

ಆಗಸ್ಟ್ ತಿಂಗಳ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಜಾತ್ರೆ, 1995ರಿಂದ ನಡೆಯುತ್ತಿದೆ. ಜನ ಬೆಳಿಗ್ಗೆಯೇ ಮಡಿಸುವ ಕುರ್ಚಿ ತಂದು ರಸ್ತೆಯ ಎರಡೂ ಬದಿ ಕೂತಿರುತ್ತಾರೆ. ನಾನೂ ಇವಳೂ ನಮ್ಮ ಕಾರಿನಲ್ಲಿ ಎರಡು ಗಂಟೆ ಆಮೆಯ ಹಾಗೆ ತೆವಳಿದೆವು. ಜನ ಕೈಬೀಸುತ್ತಿದ್ದರು. ಇವಳು ತೇರಿನಲ್ಲಿ ಕೂತವಳ ಹಾಗೆ ನಗುತ್ತಿದ್ದಳು. ಬ್ರೇಕ್ ಒತ್ತಿದಾಗಲೆಲ್ಲ ಹಿಂದೆ ಎರಡು ಹನಿಗಳೂ ಕೆಂಪಗೆ ಉರಿಯುತ್ತಿದ್ದವು. ಅಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

"ಪೆಟ್ರೋಲ್ ಖಾಲಿನಾ?" ಅಂದಳು.

"ಫುಲ್ ಇದೆ, ನೋಡು" ಅಂದೆ. ಮುಳ್ಳು ಫುಲ್ ದಾಟಿ ನಿಂತಿತ್ತು. ಗ್ಯಾರೇಜಿನಲ್ಲೂ ಅಲ್ಲೇ ಇತ್ತು. ಬರುವಾಗಲೂ ಅಲ್ಲೇ ಇತ್ತು.

ಟ್ಯಾಂಕ್ ಅಲುಗಾಡದಿರಲಿ ಅಂತ ರಬ್ಬರ್ ಪಟ್ಟಿಯ ಮೇಲೆ ಕೂರಿಸಿದ್ದು ನಾನೇ. ಅದರೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟಿಗೂ ಅರ್ಥಿಂಗ್ ಬೇಕು. ಜಿಎಂ ಮೀಟರಿನ ಲೆಕ್ಕದಲ್ಲಿ ಟ್ಯಾಂಕ್ ಖಾಲಿ ಅಂದರೆ ಕರೆಂಟಿಗೆ ಫ್ಲೋಟ್ ಒಡ್ಡುವ ತಡೆ ಸೊನ್ನೆ ಓಮ್, ತುಂಬಿದರೆ 90. ವಾಪಸ್ ದಾರಿಯೇ ಇಲ್ಲದಿದ್ದರೆ ಓಮ್ ಅನಂತ. ಮುಳ್ಳಿನ ಪ್ರಕಾರ ನನ್ನ ಟ್ಯಾಂಕ್ ತುಂಬಿ ತುಳುಕುತ್ತಿತ್ತು.

ಕುರ್ಚಿಯಲ್ಲಿದ್ದ ನಾಲ್ಕು ಜನ ಎದ್ದು ಬಂದು ಕಾರನ್ನು ಪಕ್ಕಕ್ಕೆ ತಳ್ಳಿದರು. ಉಳಿದವರು ಚಪ್ಪಾಳೆ ತಟ್ಟಿದರು. ಇವಳು ಅದನ್ನು ವಿಡಿಯೋ ಮಾಡಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಲು ಹೊರಟಳು. ಹಾಸನದಲ್ಲಿ ಆಗ ನಡುರಾತ್ರಿ ದಾಟಿತ್ತು. ಅಪ್ಪ ಏಳುವುದು ಐದಕ್ಕೆ. ಅಷ್ಟರೊಳಗೆ ಅದನ್ನು ಅಳಿಸು ಅಂತ ನಾನು ಇನ್ನೂ ಕೇಳಿಕೊಳ್ಳುತ್ತಿದ್ದೆ, ಅಜ್ಜ ಪೆಟ್ರೋಲ್ ಡಬ್ಬ ಹಿಡಿದು ಬರುವುದು ಕಾಣಿಸಿತು. ಇನ್ನೊಂದು ಕೈಯಲ್ಲಿ ಒಂದು ಮೊಳ ಕಪ್ಪು ವೈರ್ ಇತ್ತು.