ದೇಶದ ಭದ್ರತೆಗೆ ಶೇ. 15 ಕಮಿಷನ್

2025ರ ಏಪ್ರಿಲ್‌ನಲ್ಲಿ ಅಮೆರಿಕ ಮತ್ತು ಚೀನಾ ಸುಂಕದ ಹರಾಜಿಗೆ ಕೂತವು. ಟ್ರಂಪ್ ಸಾಹೇಬರು ಶೇ. 34 ಎಂದು ಕೂಗಿದರು. ಬೀಜಿಂಗ್ ಕೂಡ 34 ಅಂದಿತು. ಅಷ್ಟೊಂದು ಧಿಮಾಕಾ ಎಂದು ಇವರು 84ಕ್ಕೆ ಹಾರಿದರು. ಅವರೂ 84. ಇವರು 125, ಅವರೂ 125. ಫೆಂಟನಿಲ್ ಎಂಬ ಮಾದಕವಸ್ತುವಿನ ಹೆಸರಿನಲ್ಲಿ ಮೊದಲೇ ಹೇರಿದ್ದ 20 ಸೇರಿ ಅಮೆರಿಕದ ಲೆಕ್ಕ 145ಕ್ಕೆ ಮುಟ್ಟಿತು. ಮಾಮೂಲಿ ಹರಾಜಿನಲ್ಲಿ ಕೂಗಿದವನೇ ದುಡ್ಡು ಕಟ್ಟಬೇಕು. ಇಲ್ಲಿ ಕೂಗುವವರು ನಾಯಕರು, ಕಟ್ಟುವವರು ಅವರವರ ದೇಶದ ಆಮದುದಾರರು. ಹೀಗಾಗಿ ಯಾರ ಗಂಟಲೂ ಒಣಗಲಿಲ್ಲ.

ಕೊನೆಗೆ ಚೀನಾದವರೇ ಸುಸ್ತಾಗಿ, ಇನ್ನು ನೀವು ಎಷ್ಟೇ ಏರಿಸಿ, ನಾವು ಲೆಕ್ಕಕ್ಕೆ ತಗೊಳ್ಳಲ್ಲ ಎಂದುಬಿಟ್ಟರು. ಈ ದರದಲ್ಲಿ ನಿಮ್ಮ ಸರಕು ಇಲ್ಲಿ ಹೇಗೂ ಬಿಕರಿಯಾಗಲ್ಲ ಎನ್ನುವುದು ಅವರ ವಾದ. ಸರಿ, ಅಲ್ವಾ? ಮೇ ತಿಂಗಳಲ್ಲಿ ಜಿನೀವಾದಲ್ಲಿ ಒಂದು ವಾರಾಂತ್ಯ ಮಾತಾಡಿದ್ದೇ ತಡ, 145 ಇದ್ದದ್ದು 30ಕ್ಕೆ, 125 ಇದ್ದದ್ದು 10ಕ್ಕೆ ಇಳಿಯಿತು.

ಇದೆಲ್ಲ ಸುಮ್ನೆ ಪೀಠಿಕೆ. ನಿಜವಾದ ಮಜಾ ಇರುವುದು ಕಂಪ್ಯೂಟರ್ ಚಿಪ್‌ನಲ್ಲಿ.

ಅಮೆರಿಕದ ಎನ್‌ವಿಡಿಯಾ ಕಂಪನಿಯ ಎಚ್20 ಎಂಬ ಎಐ ಚಿಪ್ ಹುಟ್ಟಿದ್ದೇ ಚೀನಾಕ್ಕಾಗಿ. ಬಲಶಾಲಿ ಚಿಪ್ ಚೀನಾಕ್ಕೆ ಮಾರಬಾರದು ಎಂಬ ಅಮೆರಿಕದ ನಿರ್ಬಂಧಕ್ಕೆ ಸಿಕ್ಕಿಬೀಳಬಾರದು ಎಂದು ಬೇಕಂತಲೇ ಅದರ ಬಲ ತಗ್ಗಿಸಿದ್ದರು. ಏಪ್ರಿಲ್‌ನಲ್ಲಿ ಆ ಬಡಪಾಯಿಯೂ ದೇಶದ ಭದ್ರತೆಗೆ ಅಪಾಯ ಎಂದಾಯಿತು, ಮಾರಾಟ ನಿಂತಿತು. ಆಗಸ್ಟ್‌ನಲ್ಲಿ ಅಪಾಯ ಕಳೆಯಿತು. ಹೇಗೆ? ಚೀನಾದಲ್ಲಿ ಮಾರಿ ಬಂದ ಹಣದಲ್ಲಿ ಶೇ. 15 ಅಮೆರಿಕ ಸರ್ಕಾರಕ್ಕೆ ಕೊಡಲು ಕಂಪನಿ ಒಪ್ಪಿತು! ಸಾಹೇಬರು ಮೊದಲು ಕೇಳಿದ್ದು 20 ಅಂತೆ. ಕಂಪನಿಯ ಯಜಮಾನ ಜೆನ್ಸನ್ ಹುವಾಂಗ್ ಚೌಕಾಸಿ ಮಾಡಿ 15ಕ್ಕೆ ಇಳಿಸಿದರಂತೆ. ಇದನ್ನು ಪತ್ರಕರ್ತರ ಮುಂದೆ ಹೇಳಿದ್ದು ಬೇರೆ ಯಾರೂ ಅಲ್ಲ, ಸಾಹೇಬರೇ. ಕಮಿಷನ್ ವ್ಯವಹಾರ ಮೇಜಿನ ಕೆಳಗೆ ನಡೆಯುತ್ತದೆ ಎಂದು ನಂಬಿದ್ದ ನಮ್ಮಂಥವರಿಗೆ ಈ ಪಾರದರ್ಶಕತೆ ಕಂಡು ಮಾತೇ ಹೊರಡಲಿಲ್ಲ.

ಅಷ್ಟರಲ್ಲಿ ಚೀನಾ ತಗಾದೆ ತೆಗೆಯಿತು. ಈ ಚಿಪ್‌ನಲ್ಲಿ ಹೊರಗಿನವರು ಗುಟ್ಟಾಗಿ ಒಳನುಸುಳುವ ಕಳ್ಳಬಾಗಿಲು ಇದೆಯಾ ಎಂದು ಕಂಪನಿಯನ್ನು ಕರೆಸಿ ಕೇಳಿತು. ಮಾರಿದರೆ ಅಪಾಯ ಎಂದು ಇವರು, ಕೊಂಡರೆ ಅಪಾಯ ಎಂದು ಅವರು. ಪಾಪ, ಚಿಪ್ ಏನು ಮಾಡಬೇಕು? ಡಿಸೆಂಬರ್‌ನಲ್ಲಿ ಅದಕ್ಕಿಂತ ಬಲಶಾಲಿಯಾದ ಎಚ್200 ಮಾರಲು ಸಾಹೇಬರು ಒಪ್ಪಿದರು. ಅಪಾಯ ಜಾಸ್ತಿ ತಾನೇ, ಅದಕ್ಕೇ ಈ ಸಲ ಶೇ. 25.

ಇದೇ ಜಗಳಕ್ಕೆ ಸಿಕ್ಕಿದ ಸೋಯಾಬೀನ್ ಕಥೆ ಚಿಕ್ಕದು. ಸೆಪ್ಟೆಂಬರ್‌ನಲ್ಲಿ ಚೀನಾ ಅಮೆರಿಕದಿಂದ ತರಿಸಿಕೊಂಡ ಸೋಯಾ ಸೊನ್ನೆ. ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಷಿ ಜಿನ್‌ಪಿಂಗ್ ಮತ್ತು ಟ್ರಂಪ್ ಕೈಕುಲುಕಿದರು. ಆಮೇಲೆ ಅಮೆರಿಕ ಡಂಗುರ ಸಾರಿತು: ಮುಂದಿನ ಮೂರು ವರ್ಷ ಚೀನಾ ವರ್ಷಕ್ಕೆ 2.5 ಕೋಟಿ ಟನ್ ಕೊಳ್ಳುತ್ತದೆ! ಜಗಳ ಶುರುವಾಗುವ ಮುಂಚೆಯೂ ಹೆಚ್ಚುಕಡಿಮೆ ಅಷ್ಟನ್ನೇ ಕೊಳ್ಳುತ್ತಿತ್ತು ಎಂದು ಹೇಳಿ ಹಬ್ಬ ಕೆಡಿಸುವವರು ಯಾರು?

ಆ ಭೇಟಿಗೆ ಸಾಹೇಬರು ಕೊಟ್ಟ ಅಂಕ ಹತ್ತಕ್ಕೆ ಹನ್ನೆರಡು. ಮೇಲಿನ ಎರಡು ಅಂಕ ಆಮದು ಮಾಡಿಕೊಂಡದ್ದಾದರೆ, ಅದಕ್ಕೆ ಸುಂಕ ಎಷ್ಟು ಬಿತ್ತೋ!