ಸ್ಯಾಂಪಲ್ ತಂದೀರೇನ್ರೀ?

ಮನೆಗೆ ಬಂದವರು ಮೇಜಿನ ಮೇಲೆ ಬಿಚ್ಚಿಟ್ಟ ಪ್ರೊಜೆಕ್ಟರ್ ನೋಡಿದ ಕೂಡಲೇ ಒಂದೇ ಮಾತು ಹೇಳುತ್ತಾರೆ. "ಡಿಜಿಟಲ್ ಮಾಡಿಸಿ ಒಗದ್ಬಿಡ್ರಿ." ಚಹಾ ಇನ್ನೂ ಬಂದಿರುವುದಿಲ್ಲ, ಸಲಹೆ ಬಂದಿರುತ್ತದೆ. ಮೊನ್ನೆ ಬೆಂಗಳೂರಿನಿಂದ ಬಂದ ಅಳಿಯನಂತೂ ಕೂರುವ ಮೊದಲೇ ಹೇಳಿದ. ಡಿಜಿಟಲ್ ಮಾಡಿಸಬಾರದು ಅಂತ ನನಗೇನೂ ಹಟವಿಲ್ಲ. ಮಾಡಿಸೋಣ. ಆದರೆ ಆ 'ಒಗದ್ಬಿಡ್ರಿ' ಇದೆಯಲ್ಲ, ಅದು ನನಗೆ ಆಗಿಬರುವುದಿಲ್ಲ. ಅವನ ಮೊಬೈಲಿನಲ್ಲಿ ಸಾವಿರಗಟ್ಟಲೆ ವಿಡಿಯೊ ಇವೆ. ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ತೋರಿಸ್ತೀನಿ ಅಂತ ಹುಡುಕುತ್ತ ಕೂತ. ಊಟ ಮುಗಿದರೂ ಸಿಗಲಿಲ್ಲ. ನಾನು ಏನೂ ಅನ್ನಲಿಲ್ಲ. ಮಾವನಾದವನು ಅನ್ನಬಾರದು.

ಈ ಸೂಪರ್ 8 ಪ್ರೊಜೆಕ್ಟರ್, ಅಂದರೆ ಮನೆಮಂದಿ ತೆಗೆಯುವ ಎಂಟು ಮಿಲಿಮೀಟರ್ ಅಗಲದ ಫಿಲ್ಮು ತೋರಿಸುವ ಮಷಿನ್, ನಮ್ಮ ಕಾಕಾರದು. ರೈಲ್ವೆಯಲ್ಲಿದ್ದರು. ಎಪ್ಪತ್ತರ ದಶಕದಲ್ಲಿ ಮುಂಬೈಗೆ ಹೋದಾಗ ಕ್ಯಾಮೆರಾದ ಜೊತೆ ಇದನ್ನೂ ಹೊತ್ತು ತಂದಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟ ಸೇರಿತು. ಸುಮ್ನೆ ಅಟ್ಟದ ಮೇಲಿದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ನಡುವೆ ಯಾರೋ ಪುಣ್ಯಾತ್ಮರು "ಬಿಗಿ ಆಗೇದ" ಅಂತ ಒಳಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಾರೆ. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕಾಗುವ ಕಡೆ ತಲೆಗೆ ಹಚ್ಚುವ ಎಣ್ಣೆ, ಅದೂ ಧಾರಾಳವಾಗಿ! ಅದು ಒಣಗಿ ಅಂಟಾಗಿ, ಅದರ ಮೇಲೆ ಹುಬ್ಬಳ್ಳಿಯ ಧೂಳು ಕೂತಿದೆ. ರಸ್ತೆ ಅಗೆಯದ ವರ್ಷ ನಮ್ಮೂರಲ್ಲಿಲ್ಲ, ಹಾಗಾಗಿ ಧೂಳಿಗೆ ಕೊರತೆಯೂ ಇಲ್ಲ. ಒಂದೊಂದು ಗಾಲಿಯನ್ನೂ ಸ್ಪಿರಿಟ್‌ನಲ್ಲಿ ಒರೆಸಿ ತೆಗೆಯಬೇಕಾಯಿತು. ಆ ಪುಣ್ಯಾತ್ಮರು ಯಾರಂತ ಮನೆಯಲ್ಲಿ ಈವರೆಗೆ ಯಾರೂ ಬಾಯಿ ಬಿಟ್ಟಿಲ್ಲ.

ನಾಜೂಕಿನ ಕೆಲಸ ಅಂದರೆ ಗೇಟಿನದು, ಫಿಲ್ಮು ದೀಪದ ಮುಂದೆ ಹಾದುಹೋಗುವ ಕಿಂಡಿಯದು. ಫಿಲ್ಮಿನ ಮೇಲಿನ ಲೇಪ ಸವೆದು ಸವೆದು ಅಲ್ಲಿ ಸಣ್ಣ ಹರಳಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಬಿಟ್ಟರೆ ಮುಂದೆ ಬರುವ ಪ್ರತಿ ರೀಲಿನ ಮೇಲೂ ಉದ್ದಕ್ಕೆ ಗೀರು ಎಳೆಯುತ್ತದೆ. ಅದನ್ನು ಕೆರೆಯಲಿಕ್ಕೆ ಬ್ಲೇಡು, ಸ್ಕ್ರೂ ಡ್ರೈವರ್ ಮುಟ್ಟಬಾರದು. ಕಟ್ಟಿಗೆಯ ಹಲ್ಲುಕಡ್ಡಿಯೇ ಆಗಬೇಕು. ಸೂಪರ್ 8ರಲ್ಲಿ ಒಂದು ಚಿತ್ರದ ಅಗಲ ಆರು ಮಿಲಿಮೀಟರ್ ಕೂಡ ಇಲ್ಲ. ಗೋಡೆಯ ಮೇಲೆ ನಾಲ್ಕಡಿ ಮಾಡಿ ನೋಡಿದರೆ 200 ಪಟ್ಟು ಹಿಗ್ಗಿದಂತಾಯಿತು. ಗೇಟಿನಲ್ಲಿ ಒಂದೇ ಒಂದು ಕೂದಲು ಸಿಕ್ಕಿಕೊಂಡರೂ ಗೋಡೆಯ ಮೇಲೆ ಬೆರಳು ದಪ್ಪ ಕುಣಿಯುತ್ತದೆ. ನಮ್ಮ ಮನೆಯಲ್ಲಿ ಕೂದಲು ಜಾಸ್ತಿ ಉದುರುವುದು ಯಾರದು ಅನ್ನುವುದು ಬೇರೆ ಚರ್ಚೆ.

ದಿನವೂ ಸಂಜೆ ಹೀಗೆ ಕೂತು ಒರೆಸುತ್ತಿದ್ದಾಗ ನನಗೊಂದು ವಿಷಯ ಹೊಳೆಯಿತು. ಹಳೆಯ ವಸ್ತುಗಳ ಬಗ್ಗೆ, ನಮ್ಮ ಬಗ್ಗೆ. ಹೇಳುತ್ತೇನೆ. ಮೊದಲು ಬೆಲ್ಟಿನ ಕತೆ ಮುಗಿಸಿಬಿಡುತ್ತೇನೆ.

ಹಳೆ ಪ್ರೊಜೆಕ್ಟರಿನ ರಬ್ಬರ್ ಬೆಲ್ಟ್ ಹರಿಯುವುದಿಲ್ಲ, ಕರಗುತ್ತದೆ. ಮುಚ್ಚಳ ತೆಗೆದಾಗ ಬೆಲ್ಟ್ ಇರಬೇಕಾದ ಜಾಗದಲ್ಲಿ ಕಪ್ಪು ಅಂಟು ಇತ್ತು. ಕೈಗೆ, ಬನಿಯನ್ನಿಗೆ, ಆಮೇಲೆ ಬಾಗಿಲ ಚಿಲಕಕ್ಕೆ ಹತ್ತಿತು. ಇದ್ದಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ದುರ್ಗದಬೈಲ್ ಕಡೆ ಹೊರಟೆ. ಮೊದಲು ಹೊಲಿಗೆ ಯಂತ್ರದ ಅಂಗಡಿ. "ಸ್ಯಾಂಪಲ್ ತಂದೀರೇನ್ರೀ?" ಚೀಲ ತೋರಿಸಿದೆ. ಮೂಸಿ ನೋಡಿದರು. "ಇದು ಕಾಡಿಗಿ ಐತಲ್ರೀ ಸರ." ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ತೂಗಾಡುತ್ತಿವೆ. ಅಲ್ಲಿನ ಹುಡುಗ ಚೀಲವನ್ನು ಮುಟ್ಟಲೂ ಇಲ್ಲ. "ಆನ್‌ಲೈನ್ ನೋಡ್ರಿ ಅಂಕಲ್" ಅಂದ. ಇದಕ್ಕಿಂತ ಅವನು ಬೈದಿದ್ದರೆ ಒಳ್ಳೆಯದಿತ್ತು.

ಕೊನೆಗೆ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಒಂದು ಅಂಗಡಿ. ಅಲ್ಲಿ ಓ ರಿಂಗ್, ಅಂದರೆ ರಬ್ಬರಿನ ಬಳೆಗಳು, ಸಿಗುತ್ತವೆ, ಸರಿಯಾದ ಅಳತೆಯದು ಸಿಕ್ಕರೆ ಬೆಲ್ಟಿನ ಕೆಲಸ ಮಾಡುತ್ತದೆ. ಮಾಲೀಕರು ತಲೆ ಎತ್ತದೆ ಕೇಳಿದರು.

"ಯಾವ ಗಾಡಿದ್ರೀ?"

"ಗಾಡಿದಲ್ರೀ. ಸಿನಿಮಾ ತೋರಸೋ ಮಷಿನ್ನಿಂದು."

"ಹೌದ್ರೀ? ಡೀಸೆಲ್ಲೋ, ಪೆಟ್ರೋಲೋ?"

ಆಯಿಲ್ ಸೀಲ್ ಒಯ್ಯಲು ಬಂದಿದ್ದ ನವಲಗುಂದ ಕಡೆಯ ರೈತರೊಬ್ಬರು ಕುರ್ಚಿ ಸರಿಸಿಕೊಂಡು ಹತ್ತಿರ ಬಂದರು. ನಾನು ಮನೆಯಲ್ಲಿ ದಾರ ಸುತ್ತಿ ಅಳತೆ ತೆಗೆದಿದ್ದೆ, 34 ಸೆಂಟಿಮೀಟರ್. ರಬ್ಬರು ಎಳೆದು ಕೂರಬೇಕು, ಅದಕ್ಕೆ ಸ್ವಲ್ಪ ಗಿಡ್ಡ ಬೇಕು, 32 ಅಂತ ಹಿಡಿಯಿರಿ ಅಂದೆ. ಓ ರಿಂಗ್ ಅಳೆಯುವುದು ಸುತ್ತಳತೆಯಿಂದಲ್ಲ, ಒಳವ್ಯಾಸದಿಂದ. "3.14ರಿಂದ ಭಾಗಿಸ್ಬೇಕ್ರೀ" ಅಂದವರು ಆ ರೈತರೇ. ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದರು. ಹತ್ತು ಸೆಂಟಿಮೀಟರಿಗೆ ಎರಡು ಮಿಲಿಮೀಟರ್ ಜಾಸ್ತಿ ಬಂತು. ಮಾಲೀಕರು ಗೋಡೆಗೆ ತೂಗುಹಾಕಿದ ಗೊಂಚಲುಗಳಿಂದ ಒಂದೊಂದೇ ತೆಗೆದು ಹಾಕಿದರು. ಒಂದು ದಪ್ಪ, ಮೋಟಾರಿಗೆ ಭಾರ. ಒಂದು ತೆಳ್ಳಗೆ, ಜಾರುತ್ತದೆ. ಅಷ್ಟರಲ್ಲಿ ರೈತರ ವಿಚಾರಣೆ ಶುರುವಾಗಿತ್ತು.

"ಏನ್ ಸಿನಿಮಾ ಐತ್ರೀ ಅದರಾಗ?"

"ನಮ್ಮ ಕಾಕಾ ತಗದದ್ದು. ಹುಬ್ಬಳ್ಳಿ ಟೇಸನ್ನು, ಗಾಡಿ."

"ಯಾವ ಗಾಡಿ?"

"ಮೀಟರ್ ಗೇಜಿಂದು. ಉಗಿ ಎಂಜಿನ್."

ಅಂಗಡಿ ಒಂದು ಕ್ಷಣ ನಿಂತಿತು. ಆಮೇಲೆ ಅವರಿಬ್ಬರೂ ನನ್ನನ್ನು ಮರೆತರು. ಎಂಜಿನ್ ಹೊಗೆಗೆ ಮದುವೆ ಶಾಲು ಕಪ್ಪಾದದ್ದು, ಕಿಡಿ ಬಿದ್ದು ಅಂಗಿ ತೂತಾದದ್ದು, ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಕೆಳಗಿಳಿದು ನೀರು ಕುಡಿಯುವಷ್ಟರಲ್ಲಿ ಗಾಡಿ ಬಿಟ್ಟದ್ದು. ಗಿರಾಕಿಗಳು ಬಂದರು, ನಿಂತರು, ಹೋದರು. ತಾಸಿನ ಮೇಲೆ ನನ್ನ ಓ ರಿಂಗ್ ಸಿಕ್ಕಿತು. ದುಡ್ಡು ಬೇಡ ಅಂದರು, ಒತ್ತಾಯ ಮಾಡಿ ಕೊಟ್ಟೆ. "ಆ ಎಂಜಿನ್ ಸಿನಿಮಾ ನಮಗೂ ತೋರಸ್ರಿ" ಅಂದರು. ಡಿಜಿಟಲ್ ಮಾಡಿಸಿ ಒಗೀರಿ ಅಂತ ಇಬ್ಬರೂ ಹೇಳಲಿಲ್ಲ ಅನ್ನುವುದನ್ನು ಅಳಿಯ ಗಮನಿಸಬೇಕು.

ಮಷಿನ್ ಓಡಿತು. ಸೆಕೆಂಡಿಗೆ 18 ಚಿತ್ರ, 50 ಅಡಿಯ ರೀಲು ಮೂರು ನಿಮಿಷ ಚಿಲ್ಲರೆ. ದೀಪದ ಬಲ್ಬನ್ನು ಬರಿಗೈಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಹತ್ತಿದರೆ ಬೇಗ ಹೋಗುತ್ತದೆ ಅಂತ ಎಲ್ಲರಿಗೂ ಹೇಳಿದ್ದೆ. ಎಲ್ಲರೂ ಮುಟ್ಟಲು ನೋಡಿದರು. ಕೆಲವು ಡಬ್ಬಿ ತೆರೆದರೆ ಹುಳಿ ವಾಸನೆ, ವಿನೆಗರಿನದು. ಅಟ್ಟದ ಸೆಖೆಗೆ ಅಸಿಟೇಟ್ ಫಿಲ್ಮು ಕೊಳೆಯತೊಡಗಿದೆ. ಅದರ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ, ಹಾಗಾಗಿ ಅವನ್ನು ಬೇರೆ ಕೋಣೆಗೆ ಹಾಕಿದ್ದೇನೆ. ಉಪ್ಪಿನಕಾಯಿ ಭರಣಿ ಅಲ್ಲೇ ಇರುವುದರಿಂದ ಈ ಬಗ್ಗೆ ಮನೆಯಲ್ಲಿ ಮಾತುಕತೆ ನಡೆದಿದೆ.

ಕಾಕಾರ ಹೆಂಡತಿ, ನಮ್ಮ ಕಾಕು, ಧಾರವಾಡದಿಂದ ಬಂದಿದ್ದರು. ಎಂಬತ್ತು ದಾಟಿದೆ, ನೆನಪು ಮಾತ್ರ ಹರಿತ. ಒಂದು ರೀಲು ನೋಡಿದರು. ಎಂಜಿನ್. ಇನ್ನೊಂದು. ಬೋಗಿ. ಮತ್ತೊಂದರಲ್ಲಿ ಉಣಕಲ್ ಕೆರೆ ದಂಡೆಯ ಮೇಲೆ ಹರೆಯದ ಕಾಕು, ಕ್ಯಾಮೆರಾ ನೋಡಿ ಸೆರಗು ಅಡ್ಡ ಹಿಡಿದರು. ಅಷ್ಟರಲ್ಲಿ ಮತ್ತೆ ಗೂಡ್ಸ್ ಗಾಡಿ.

ಕಾಕು ಎದ್ದರು. "ಕೂಸಿನ ತೊಟ್ಟಿಲ ಹೊತ್ತಿಗೆ ಫಿಲ್ಮು ಮುಗದದ ಅಂದ್ರು. ಮರುದಿನ ಗೂಡ್ಸ್ ಗಾಡಿಗೆ ಎಲ್ಲಿಂದ ಬಂತು ಫಿಲ್ಮು?" ಇಷ್ಟು ವರ್ಷ ಆಯಿತು, ಉತ್ತರ ಕೊಡಬೇಕಾದವರು ಇಲ್ಲ. "ನಂದು ಅಷ್ಟ ಕತ್ತರಿಸಿ ಕೊಡು. ಉಳಿದದ್ದು ರೈಲ್ವೆದವರಿಗೆ ಕೊಡು."

ಅವರದು ಮೂರು ಸೆಕೆಂಡು. ಅಂದರೆ ಒಂಬತ್ತು ಇಂಚು ಫಿಲ್ಮು. ಕತ್ತರಿಸಿದರೆ ಉಳಿದದ್ದನ್ನು ಜೋಡಿಸಲು ತೂತು ಸರಿಯಾಗಿ ಕೂರುವ ಸ್ಪ್ಲೈಸಿಂಗ್ ಟೇಪ್ ಬೇಕು. ಇನ್ನೂ ಸಿಕ್ಕಿಲ್ಲ. ಸೆಲೋಟೇಪ್ ಹಚ್ಚಿಬಿಡ್ರಿ ಅಂತ ನಿನ್ನೆ ಬಂದವರೊಬ್ಬರು ಹೇಳಿದರು. ಅವರಿಗೆ ಚಹಾ ಕೊಡಲಿಲ್ಲ.